ಸೇನೆಯ ಕಾಕ್‌ಪಿಟ್‌ನಿಂದ ತರಬೇತಿ ವಿಮಾನದ ಬಲ ಆಸನಕ್ಕೆ: ಉತ್ತರ ಕನ್ನಡದ ವೈಮಾನಿಕರಿಗೊಂದು ಸಮಗ್ರ ಮಾರ್ಗದರ್ಶಿ

ನೌಕಾಪಡೆಯಲ್ಲೋ ವಾಯುಪಡೆಯಲ್ಲೋ ಹತ್ತು, ಹದಿನಾಲ್ಕು ವರ್ಷ ಹಾರಾಟ ನಡೆಸಿ ಹೊರಬಂದವರು ಸಾಮಾನ್ಯವಾಗಿ ಪ್ರಯಾಣಿಕ ವಿಮಾನ ಸಂಸ್ಥೆಗಳ ಬಾಗಿಲು ತಟ್ಟುತ್ತಾರೆ. ಸಂಬಳ ಅಲ್ಲಿದೆ, ದಾರಿ ತೋರಿಸಲು ಮೊದಲೇ ಹೋದ ಗೆಳೆಯರೂ ಇದ್ದಾರೆ. ಈ ಬರಹ ಇನ್ನೊಂದು ದಾರಿಯನ್ನು ಕುರಿತದ್ದು. ನಾಗರಿಕ ತರಬೇತಿ ಶಾಲೆಯಲ್ಲಿ, ಎರಡು ಅಥವಾ ನಾಲ್ಕು ಆಸನಗಳ ಸಣ್ಣ ವಿಮಾನದಲ್ಲಿ, ಹಾರಲು ಬಾರದವರಿಗೆ ಹಾರಲು ಕಲಿಸುವ ಕೆಲಸವನ್ನು ಹಿಡಿಯುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ನಮ್ಮ ಜಿಲ್ಲೆಗೆ ಇದು ದೂರದ ಮಾತಲ್ಲ. ಅರಗಾದ ನೌಕಾನೆಲೆ ಐಎನ್‌ಎಸ್ ಕದಂಬ 2005ರಲ್ಲಿ ಕಾರ್ಯಾರಂಭ ಮಾಡಿದಂದಿನಿಂದ ಕಾರವಾರದಲ್ಲಿ ನೌಕಾಪಡೆಯ ಕುಟುಂಬಗಳು ಬೇರೂರಿವೆ. ಅಂಕೋಲೆಯ ಅಲಗೇರಿ, ಭಾವಿಕೇರಿ, ಬೇಲೇಕೇರಿ ಭಾಗದ ಜನ ನೌಕಾ ವಿಮಾನ ನಿಲ್ದಾಣಕ್ಕೆ ಭೂಮಿ ಕೊಟ್ಟಿದ್ದಾರೆ. ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಹಡಗಿನ ಬಳಿ ನಿಂತಿರುವ ಟುಪೊಲೆವ್ 142 ವಿಮಾನವನ್ನು ನೋಡಿ, ತಾನೂ ಪೈಲಟ್ ಆಗಬೇಕು ಎಂದು ಹೇಳುವ ಮಕ್ಕಳು ಈಗ ಕುಮಟೆಯಲ್ಲೂ ಶಿರಸಿಯಲ್ಲೂ ಸಿಗುತ್ತಾರೆ. ಅವರಿಗೆ ಕಲಿಸುವವರು ಬೇಕು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಸೇನೆಯಲ್ಲಿ ಗಳಿಸಿದ ಗಂಟೆಗಳು ನಿಮಗೆ ಲೈಸೆನ್ಸ್ ತಂದುಕೊಡಬಹುದು; ನಾಗರಿಕ ಬೋಧಕನನ್ನಾಗಿ ಮಾಡುವುದಿಲ್ಲ. ಸೇನೆಯಲ್ಲಿ ನಿಮ್ಮ ಮುಂದೆ ಕೂರುವ ಶಿಷ್ಯ ಆಯ್ಕೆ ಮಂಡಳಿಯ ಜರಡಿಯನ್ನೂ, ಜೀವಮಾನದಲ್ಲಿ ಒಮ್ಮೆ ಮಾತ್ರ ಬರೆಯಬಹುದಾದ ಪೈಲಟ್ ಅರ್ಹತಾ ಪರೀಕ್ಷೆಯನ್ನೂ ದಾಟಿ ಬಂದವನು. ಅವನ ಖರ್ಚು ಸರ್ಕಾರದ್ದು, ಅವನು ಹಿಂದೆ ಬಿದ್ದರೆ ಬೇರೆ ಶಾಖೆಗೆ ಕಳುಹಿಸುವ ವ್ಯವಸ್ಥೆಯಿದೆ. ನಾಗರಿಕ ಶಾಲೆಯ ವಿದ್ಯಾರ್ಥಿ ಅಡಿಕೆ ತೋಟದ ಮೇಲೆ ಸಾಲ ತೆಗೆದು ಬಂದಿರುತ್ತಾನೆ, ಹಾರಿದ ಪ್ರತಿ ಗಂಟೆಗೂ ಅವನ ಮನೆಯಿಂದಲೇ ದುಡ್ಡು ಹೋಗುತ್ತದೆ. ಕಲಿಸುವ ರೀತಿಯನ್ನು ಈ ವ್ಯತ್ಯಾಸಕ್ಕೆ ತಕ್ಕಂತೆ ಹೊಸದಾಗಿ ಕಟ್ಟಿಕೊಳ್ಳಬೇಕು.

ಹಂತ 1: ಬಿಡುಗಡೆಗೆ ಎರಡು ವರ್ಷ ಇರುವಾಗಲೇ ಶುರು ಮಾಡಿ

ನೌಕಾಪಡೆಯ ಅಲ್ಪಾವಧಿ ಸೇವೆ ಹತ್ತು ವರ್ಷ, ವಿಸ್ತರಣೆ ಸಿಕ್ಕರೆ ಹದಿನಾಲ್ಕು. ವಾಯುಪಡೆಯ ಹಾರಾಟ ಶಾಖೆಯಲ್ಲಿ ಹದಿನಾಲ್ಕು. ಅಲ್ಪಾವಧಿ ಸೇವೆಯವರಿಗೆ ಪಿಂಚಣಿ ಇಲ್ಲ. ಕಾಯಂ ಅಧಿಕಾರಿಗೆ ಇಪ್ಪತ್ತು ವರ್ಷದ ಅರ್ಹ ಸೇವೆಯ ನಂತರವೇ ಪಿಂಚಣಿ. ಬೋಧಕ ವೃತ್ತಿಯ ಮೊದಲ ವರ್ಷಗಳ ಆದಾಯ ದೊಡ್ಡದಿರುವುದಿಲ್ಲ. ಪಿಂಚಣಿ ಇರುವವರಿಗೂ ಇಲ್ಲದವರಿಗೂ ಲೆಕ್ಕಾಚಾರ ಬೇರೆ ಬೇರೆ. ಮನೆಯವರೊಂದಿಗೆ ಕುಳಿತು ಇದನ್ನು ಕಾಗದದ ಮೇಲೆ ಬರೆದು ನೋಡಿದ ಮೇಲೆಯೇ ಮುಂದಿನ ಹೆಜ್ಜೆ ಇಡಿ.

ಇನ್ನೊಂದು ಕಾರಣವೂ ಇದೆ. ಸೇವೆಯ ಕೊನೆಯ ವರ್ಷಗಳು ಅನೇಕರಿಗೆ ಕಚೇರಿ ಮೇಜಿನ ಹಿಂದೆ ಕಳೆಯುತ್ತವೆ. ನಾಗರಿಕ ಲೈಸೆನ್ಸ್ ಕೊಡುವ ಡಿಜಿಸಿಎ ನಿಮ್ಮ ಒಟ್ಟು ಗಂಟೆಗಳ ಜೊತೆಗೆ ಇತ್ತೀಚಿನ ಗಂಟೆಗಳನ್ನೂ ಕೇಳುತ್ತದೆ. ಅರ್ಜಿಯ ಹಿಂದಿನ ಆರು ತಿಂಗಳಲ್ಲಿ ಏನು ಹಾರಿಸಿದ್ದೀರಿ ಎಂಬುದು ಮುಖ್ಯ, ಕೌಶಲ ಪರೀಕ್ಷೆಗಳೂ ಆ ಅವಧಿಯೊಳಗಿನವೇ ಆಗಬೇಕು. ಹೊರಬಂದ ಮೇಲೆ ಈ ಗಂಟೆಗಳನ್ನು ಸ್ವಂತ ದುಡ್ಡಿನಲ್ಲಿ ತುಂಬಿಸಬೇಕಾಗುತ್ತದೆ. ಆದ್ದರಿಂದ ಕೊನೆಯ ನಿಯೋಜನೆಗಳಲ್ಲಿ ಒಂದನ್ನಾದರೂ ಹಾರಾಟದ್ದೇ ಆಗುವಂತೆ ಕೇಳಿಕೊಳ್ಳಿ. ಪುನರ್ವಸತಿ ಮಹಾನಿರ್ದೇಶನಾಲಯವು ನಿವೃತ್ತಿಯ ಹೊಸ್ತಿಲಿನಲ್ಲಿರುವ ಅಧಿಕಾರಿಗಳಿಗೆ ತರಬೇತಿಗಳನ್ನು ಏರ್ಪಡಿಸುತ್ತದೆ, ಅದರ ಸೂಚನೆಗಳನ್ನು ಆಗಾಗ ನೋಡುತ್ತಿರಿ.

ಸೇವೆಯಲ್ಲಿರುವಾಗ ತಾಂಬರಂನ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ಸ್ ಸ್ಕೂಲ್‌ಗೆ ಹೋಗುವ ಅವಕಾಶ ಬಂದರೆ ಬಿಡಬೇಡಿ. 1948ರಲ್ಲಿ ಅಂಬಾಲಾದಲ್ಲಿ ಹುಟ್ಟಿದ ಈ ಶಾಲೆ ಮೂರೂ ಪಡೆಗಳ ಬೋಧಕರನ್ನು ತಯಾರಿಸುತ್ತದೆ. ಅಲ್ಲಿ ಕ್ಯೂಎಫ್‌ಐ, ಅಂದರೆ ಅರ್ಹ ಹಾರಾಟ ಬೋಧಕ ಎಂಬ ಅರ್ಹತೆ ಪಡೆದವರಿಗೆ ಮುಂದಿನ ದಾರಿ ಬಹಳ ಸುಲಭ. ಪಡೆಯದವರೂ ನಾಗರಿಕ ಬೋಧಕರಾಗಬಹುದು, ಸಮಯ ಹೆಚ್ಚು ಹಿಡಿಯುತ್ತದೆ ಅಷ್ಟೇ.

ಹಂತ 2: ಲಾಗ್‌ಬುಕ್ ಮತ್ತು ಕಾಗದಪತ್ರ

ಸೇನೆಯ ಲಾಗ್‌ಬುಕ್ಕಿನ ಪ್ರತಿ ಪುಟದ ಮೊತ್ತಕ್ಕೂ ಅಧಿಕಾರಯುಕ್ತ ಸಹಿ ಇದೆಯೇ ನೋಡಿಕೊಳ್ಳಿ. ವಿಮಾನದ ಮಾದರಿವಾರು, ಹಗಲು-ರಾತ್ರಿ, ಮುಖ್ಯ ಪೈಲಟ್ ಆಗಿ, ಸಹ-ಪೈಲಟ್ ಆಗಿ, ಉಪಕರಣ ನೋಡಿ ಹಾರಿಸಿದ್ದು, ಬೋಧಕರಾಗಿ ಹಾರಿಸಿದ್ದು, ಹೀಗೆ ವಿಂಗಡಿಸಿದ ಪ್ರಮಾಣಪತ್ರವನ್ನು ಘಟಕ ಬಿಡುವ ಮೊದಲೇ ಪಡೆಯಿರಿ. ಘಟಕದಿಂದ ದೂರ ಬಂದ ಮೇಲೆ ಇದೇ ಕಾಗದಕ್ಕೆ ತಿಂಗಳುಗಟ್ಟಲೆ ಓಡಾಡಬೇಕಾಗುತ್ತದೆ.

ನಾಗರಿಕ ಲೆಕ್ಕದಲ್ಲಿ ಹಾರಾಟದ ಸಮಯವೆಂದರೆ ವಿಮಾನ ತನ್ನ ಶಕ್ತಿಯಿಂದ ಅಲುಗಾಡಿದ ಕ್ಷಣದಿಂದ ಕೊನೆಗೆ ನಿಲ್ಲುವವರೆಗೆ. ಸೇನೆಯಲ್ಲಿ ಸಾಮಾನ್ಯವಾಗಿ ನೆಲ ಬಿಟ್ಟು ನೆಲ ಮುಟ್ಟುವವರೆಗಿನದನ್ನು ಬರೆಯುತ್ತಾರೆ. ಈ ಅಂತರವನ್ನು ನೀವೇ ಕೂಡಿಸಿ ಬರೆಯಲು ಹೋಗಬೇಡಿ. ಪ್ರಮಾಣಪತ್ರದಲ್ಲಿ ಇರುವುದೇ ನಿಮ್ಮ ಗಂಟೆ. ಹೊಸ ನಾಗರಿಕ ಲಾಗ್‌ಬುಕ್ಕನ್ನು ಡಿಜಿಸಿಎಯ ಇಜಿಸಿಎ ಜಾಲತಾಣದಲ್ಲಿ ತೆರೆಯಬೇಕು. ಪರೀಕ್ಷೆಗೆ ಬೇಕಾದ ಕಂಪ್ಯೂಟರ್ ಸಂಖ್ಯೆಯನ್ನೂ ಮೊದಲೇ ಮಾಡಿಸಿಕೊಳ್ಳಿ.

ಹಂತ 3: ವೈದ್ಯಕೀಯ ಪರೀಕ್ಷೆ

ಸೇನೆಯ ವೈದ್ಯಕೀಯ ದರ್ಜೆ ಎಷ್ಟೇ ಉತ್ತಮವಿದ್ದರೂ ನಾಗರಿಕ ಲೈಸೆನ್ಸ್‌ಗೆ ಡಿಜಿಸಿಎಯ ಒಂದನೇ ದರ್ಜೆಯ ಪ್ರಮಾಣಪತ್ರ ಪ್ರತ್ಯೇಕವಾಗಿ ಬೇಕು. ನಮ್ಮ ಭಾಗದವರಿಗೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಪರಿಚಿತ ಸ್ಥಳ. ಚೇತಕ್ ಹೆಲಿಕಾಪ್ಟರ್, ಡಾರ್ನಿಯರ್ ವಿಮಾನ ಹಾರಿಸಿದವರು ಕಿವಿಯ ಪರೀಕ್ಷೆಯನ್ನು ಮೊದಲೇ ಖಾಸಗಿಯಾಗಿ ಮಾಡಿಸಿಕೊಂಡು ಹೋಗುವುದು ಒಳ್ಳೆಯದು. ವರ್ಷಗಳ ಎಂಜಿನ್ ಸದ್ದು ಸದ್ದಿಲ್ಲದೆ ತನ್ನ ಪಾಲು ತೆಗೆದುಕೊಂಡಿರುತ್ತದೆ. ಲೈಸೆನ್ಸ್‌ಗೆ ದುಡ್ಡು ಕಟ್ಟುವ ಮೊದಲು ಈ ಹಂತ ಮುಗಿಸಿ.

ಹಂತ 4: ಪರೀಕ್ಷೆಗಳು ಮತ್ತು ಕಮರ್ಷಿಯಲ್ ಪೈಲಟ್ ಲೈಸೆನ್ಸ್

ಹೊಸಬರು 200 ಗಂಟೆ ಹಾರಿ, ಅದರಲ್ಲಿ 100 ಗಂಟೆ ಮುಖ್ಯ ಪೈಲಟ್ ಆಗಿದ್ದು, ವಾಯುನಿಯಮ, ಪಥನಿರ್ಣಯ, ಹವಾಮಾನ ಮತ್ತು ತಾಂತ್ರಿಕ ಪತ್ರಿಕೆಗಳನ್ನು ತಲಾ 70 ಪ್ರತಿಶತ ಅಂಕದೊಂದಿಗೆ ಪಾಸಾಗಬೇಕು. ಸೇನೆಯ ಅನುಭವಕ್ಕೆ ಮನ್ನಣೆಯಿದ್ದು ಕೆಲವು ವಿನಾಯಿತಿಗಳು ಸಿಗುತ್ತವೆ. ಆಯಾ ಹೊತ್ತಿನ ನಿಯಮವನ್ನು ಡಿಜಿಸಿಎಯ ಪ್ರಕಟಣೆಯಲ್ಲೇ ಓದಿ, ಗೆಳೆಯರ ಬಾಯಿಮಾತನ್ನು ನಂಬಬೇಡಿ. ವಿನಾಯಿತಿ ಏನೇ ಇರಲಿ, ವಾಯುನಿಯಮವನ್ನು ಆಳವಾಗಿ ಓದಿ. ನಾಗರಿಕ ವಾಯುಪ್ರದೇಶದ ವರ್ಗೀಕರಣ, ಫ್ಲೈಟ್ ಪ್ಲಾನ್, ಹೊರಗೆ ಕಣ್ಣಿಟ್ಟು ಹಾರುವ ದೃಶ್ಯ ಹಾರಾಟದ ಕನಿಷ್ಠ ಮಿತಿಗಳು ನಿಮಗೆ ಅರ್ಧ ಪರಿಚಿತ, ಅರ್ಧ ಹೊಸದು. ಗೊತ್ತಿದೆ ಎಂದುಕೊಂಡದ್ದೇ ಪರೀಕ್ಷೆಯಲ್ಲಿ ಕೈಕೊಡುವುದು.

ರೇಡಿಯೊ ಪರೀಕ್ಷೆಯನ್ನು ಹಿಂದೆ ದೂರಸಂಪರ್ಕ ಇಲಾಖೆ ನಡೆಸುತ್ತಿತ್ತು. 2025ರ ಜನವರಿಯಲ್ಲಿ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮವು ಆ ಹೊಣೆಯನ್ನು ಡಿಜಿಸಿಎಗೆ ಒಪ್ಪಿಸಿದೆ. ಸೇನೆಯ ರೇಡಿಯೊ ಮಾತಿನ ಚುಟುಕುತನ ಇಲ್ಲಿ ನಡೆಯುವುದಿಲ್ಲ. ಅನುಮತಿಯನ್ನು ಪೂರ್ತಿಯಾಗಿ ಮರಳಿ ಹೇಳುವ ನಾಗರಿಕ ಪದ್ಧತಿಯನ್ನು ನಾಲಿಗೆಗೆ ಅಭ್ಯಾಸ ಮಾಡಿಸಬೇಕು.

ಹೆಲಿಕಾಪ್ಟರ್ ಪೈಲಟ್‌ಗಳಿಗೆ ಇಲ್ಲೊಂದು ಮಾತು. ನೌಕಾಪಡೆಯಲ್ಲಿ ಸೀ ಕಿಂಗ್, ಧ್ರುವ, ಚೇತಕ್ ಹಾರಿಸಿದವರ ಸಂಖ್ಯೆ ದೊಡ್ಡದು. ಹೆಲಿಕಾಪ್ಟರ್ ಗಂಟೆಗಳು ವಿಮಾನದ ಗಂಟೆಗಳಾಗಿ ಬದಲಾಗುವುದಿಲ್ಲ, ಲೈಸೆನ್ಸೇ ಬೇರೆ. ಹೆಲಿಕಾಪ್ಟರ್ ಬೋಧಕರಾಗಬೇಕೇ, ಅಥವಾ ಖರ್ಚು ಮಾಡಿ ವಿಮಾನದ ಕಡೆ ಹೊರಳಬೇಕೇ ಎಂಬುದನ್ನು ಈ ಹಂತದಲ್ಲೇ ತೀರ್ಮಾನಿಸಿ.

ಹಂತ 5: ಪಿಸ್ಟನ್ ಎಂಜಿನ್ ಕೈಗೆ ಒಗ್ಗಲಿ

ಅನೇಕರು ಓಡಿ ದಾಟುವ ಹಂತ ಇದು. ನಾನು ಇದರ ಮೇಲೆ ಬೇಕೆಂದೇ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಸೇನೆಯ ತರಬೇತಿ ವಿಮಾನ ಕಿರಣ್ ಒಂದು ಜೆಟ್. ಪಿಲಾಟಸ್ ಮತ್ತು ಡಾರ್ನಿಯರ್‌ಗಳದ್ದು ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರ್ ತಿರುಗಿಸುವ ಟರ್ಬೈನ್ ಎಂಜಿನ್. ಈಗಿನ ಪೀಳಿಗೆಯ ಸೇನಾ ಪೈಲಟ್ ಪಿಸ್ಟನ್ ಎಂಜಿನ್ನನ್ನು ಮುಟ್ಟದೆಯೇ ನಿವೃತ್ತನಾಗಬಹುದು. ನಾಗರಿಕ ಶಾಲೆಗಳಲ್ಲಿ ಇರುವುದಾದರೋ ಸೆಸ್ನಾ 152, ಸೆಸ್ನಾ 172, ಡೈಮಂಡ್, ಪೈಪರ್, ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ವಿನ್ಯಾಸದ ಹಂಸ. ಅಲ್ಲಿ ಶಕ್ತಿ ಏರಿಳಿಸುವ ಥ್ರಾಟಲ್ ಜೊತೆಗೆ ಇಂಧನ-ಗಾಳಿಯ ಮಿಶ್ರಣವನ್ನು ಕೈಯಿಂದ ಹೊಂದಿಸಬೇಕು, ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

ಕಾರ್ಬ್ಯುರೇಟರ್ ಇರುವ ಎಂಜಿನ್‌ಗಳಲ್ಲಿ ಮಂಜುಗಟ್ಟುವ ಅಪಾಯವನ್ನು ಕರಾವಳಿಯವರು ವಿಶೇಷವಾಗಿ ಅರಿಯಬೇಕು. ನಮ್ಮ ಬಿಸಿಲಿನಲ್ಲಿ ಮಂಜುಗಡ್ಡೆ ಎಲ್ಲಿಂದ ಬರುತ್ತದೆ ಎಂದು ವಿದ್ಯಾರ್ಥಿಗಳು ನಗುತ್ತಾರೆ. ಕಾರ್ಬ್ಯುರೇಟರಿನ ಕಿರಿದಾದ ಕೊರಳಲ್ಲಿ ಗಾಳಿಯ ಒತ್ತಡ ಇಳಿದು, ಇಂಧನ ಆವಿಯಾಗಿ, ಒಳಗಿನ ಉಷ್ಣತೆ ಇಪ್ಪತ್ತು ಡಿಗ್ರಿಗೂ ಹೆಚ್ಚು ಕುಸಿಯಬಲ್ಲದು. ಹೊರಗೆ 25 ಡಿಗ್ರಿ ಇದ್ದು ಗಾಳಿಯಲ್ಲಿ ತೇವ ತುಂಬಿದ್ದರೆ, ಕಡಿಮೆ ಶಕ್ತಿಯಲ್ಲಿ ಇಳಿಯುತ್ತಿರುವಾಗ ಅಲ್ಲಿ ಮಂಜು ಕಟ್ಟುತ್ತದೆ. ಎಂಜಿನ್ನಿನ ಸುತ್ತು ಸದ್ದಿಲ್ಲದೆ ಇಳಿಯುತ್ತದೆ. ಬಿಸಿಗಾಳಿಯ ಗುಂಡಿ ಎಳೆದಾಗ ಎಂಜಿನ್ ಮೊದಲು ಇನ್ನಷ್ಟು ಒರಟಾಗಿ ಓಡಿ, ಕರಗಿದ ನೀರನ್ನು ನುಂಗಿದ ಮೇಲೆ ಚೇತರಿಸಿಕೊಳ್ಳುತ್ತದೆ. ಆ ಒರಟುತನಕ್ಕೆ ಹೆದರಿ ಗುಂಡಿಯನ್ನು ಮರಳಿ ಒತ್ತಿದವರು ಎಂಜಿನ್ನನ್ನೇ ಕಳೆದುಕೊಳ್ಳಬಹುದು. ವಿದ್ಯಾರ್ಥಿಗೆ ಹೇಳುವ ಮೊದಲು ನೀವು ಇದನ್ನು ಅನುಭವಿ ಬೋಧಕರ ಜೊತೆ ನಿಮ್ಮ ಕಿವಿಯಿಂದಲೇ ಕೇಳಿರಬೇಕು.

ಇಂಧನದ ಬಗ್ಗೆಯೂ ಎಚ್ಚರ. ಪಿಸ್ಟನ್ ವಿಮಾನಗಳ ಆವ್‌ಗ್ಯಾಸ್ ನೀಲಿ ಬಣ್ಣದ್ದು. ಡೈಮಂಡ್‌ನ ಡೀಸೆಲ್ ಮಾದರಿಯ ಎಂಜಿನ್ ಇರುವ ವಿಮಾನಗಳು ಜೆಟ್ ಇಂಧನವನ್ನೇ ಕುಡಿಯುತ್ತವೆ. ಒಂದೇ ಅಂಗಳದಲ್ಲಿ ಎರಡೂ ನಿಂತಿದ್ದರೆ ಇಂಧನ ತುಂಬುವಾಗ ಬೋಧಕ ಅಲ್ಲಿ ಇರಲೇಬೇಕು. ತೇವದ ರಾತ್ರಿಯ ನಂತರ ಟ್ಯಾಂಕಿನ ತಳದಿಂದ ತೆಗೆದ ಮಾದರಿಯಲ್ಲಿ ನೀರಿನ ಹನಿ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದನ್ನು ಒಂದು ದಿನವೂ ತಪ್ಪಿಸಬಾರದು.

ಇನ್ನು ಶಕ್ತಿ. ಎತ್ತರವೂ ಬಿಸಿಲೂ ಹೆಚ್ಚಿದಷ್ಟು ಗಾಳಿ ತೆಳುವಾಗಿ ಎಂಜಿನ್ನಿನ ಬಲ ಕುಗ್ಗುತ್ತದೆ. ಬೆಳಗಾವಿ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 10 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ 25 ಡಿಗ್ರಿ ಹೆಚ್ಚಾಯಿತು. ಡಿಗ್ರಿಗೆ ಸುಮಾರು 120 ಅಡಿಯಂತೆ 3,000 ಅಡಿ ಕೂಡಿಸಿ. ನಿಮ್ಮ ವಿಮಾನ 5,500 ಅಡಿ ಎತ್ತರದಲ್ಲಿರುವಂತೆ ವರ್ತಿಸುತ್ತದೆ. 160 ಅಶ್ವಶಕ್ತಿಯ ಸೆಸ್ನಾದಲ್ಲಿ ಇಬ್ಬರು ದೊಡ್ಡವರು, ತುಂಬಿದ ಟ್ಯಾಂಕು: ಓಡುದಾರಿ ಉದ್ದವಿದ್ದರೂ ಮೇಲೇರುವ ದರ ನಿಮ್ಮನ್ನು ಬೆಚ್ಚಿಬೀಳಿಸುತ್ತದೆ. ಥ್ರಾಟಲ್ ತಳ್ಳಿದರೆ ತೊಂದರೆ ದಾಟಿತು ಎಂಬ ಜೆಟ್ಟಿನ ನಂಬಿಕೆಯನ್ನು ಇಲ್ಲಿ ಬಿಡಬೇಕು. ಉಳಿದಿರುವುದು ಮೂತಿಯನ್ನು ತಗ್ಗಿಸಿ ವೇಗ ಕಾಯ್ದುಕೊಳ್ಳುವ ಜಾಣತನ ಮಾತ್ರ. ಅಪಾಯದಲ್ಲಿ ಪೈಲಟ್‌ನನ್ನು ಹೊರಗೆಸೆದು ಉಳಿಸುವ, ಕಿರಣ್‌ನಲ್ಲಿದ್ದ ಎಜೆಕ್ಷನ್ ಆಸನವೂ ಇಲ್ಲಿಲ್ಲ.

ಹಂತ 6: ಬೋಧಕ ರೇಟಿಂಗ್

ಎರಡು ಮೆಟ್ಟಿಲುಗಳಿವೆ. ಮೊದಲನೆಯದು ಸಹಾಯಕ ಬೋಧಕ ರೇಟಿಂಗ್, ಎಎಫ್‌ಐಆರ್. ಇದನ್ನು ಹೊಂದಿದವರು ಹಿರಿಯ ಬೋಧಕರ ಮೇಲ್ವಿಚಾರಣೆಯಲ್ಲಿ ಕಲಿಸುತ್ತಾರೆ. ವಿದ್ಯಾರ್ಥಿಯ ಮೊದಲ ಏಕಾಂಗಿ ಹಾರಾಟಕ್ಕೆ ಒಪ್ಪಿಗೆ ಕೊಡುವ ಅಧಿಕಾರ ಅವರಿಗಿಲ್ಲ. ಎರಡನೆಯದು ಪೂರ್ಣ ಬೋಧಕ ರೇಟಿಂಗ್, ಎಫ್‌ಐಆರ್. ಸೇನೆಯ ಕ್ಯೂಎಫ್‌ಐಗಳು ಕೆಲವೊಮ್ಮೆ ಮೊದಲ ಮೆಟ್ಟಿಲನ್ನು ಕೀಳಾಗಿ ಕಾಣುತ್ತಾರೆ. ನನ್ನ ಅಭಿಪ್ರಾಯದಲ್ಲಿ, ನಿಯಮ ಅವಕಾಶ ಕೊಟ್ಟರೂ ಕೆಲವು ತಿಂಗಳು ಬೇರೆಯವರ ಕೆಳಗೆ ಕಲಿಸುವುದು ಒಳ್ಳೆಯದು. ನಾಗರಿಕ ಶಾಲೆಯ ದಿನಚರಿ, ವಿಮಾನ ನಿಲ್ದಾಣದ ದಟ್ಟಣೆ, ವಿದ್ಯಾರ್ಥಿಗಳ ಮನಸ್ಸು ಇವೆಲ್ಲ ಅರ್ಥವಾಗುವುದು ಆಗಲೇ.

ಬೋಧಕ ಕೂರುವ ಬಲ ಆಸನದ ಬಗ್ಗೆ ಒಂದು ಮಾತು. ಒಬ್ಬರ ಹಿಂದೊಬ್ಬರು ಕೂರುವ ಪಿಲಾಟಸ್‌ನಲ್ಲಿ ಬಲಗೈಯಲ್ಲಿ ಸ್ಟಿಕ್, ಎಡಗೈಯಲ್ಲಿ ಥ್ರಾಟಲ್ ಹಿಡಿದವರಿಗೆ ಸೆಸ್ನಾದ ಬಲ ಆಸನ ಕೈಗೆ ಒಗ್ಗಿದಂತೆಯೇ ಇರುತ್ತದೆ. ಮೋಸ ಮಾಡುವುದು ಕಣ್ಣು. ವೇಗಮಾಪಕ ವಿದ್ಯಾರ್ಥಿಯ ಮುಂದಿದೆ, ನೀವು ಓರೆಯಾಗಿ ಓದುತ್ತೀರಿ. ಓಡುದಾರಿಯ ನಡುಗೆರೆಯೂ ನಿಮಗೆ ಒಂದು ಕಡೆ ಸರಿದು ಕಾಣುತ್ತದೆ. ಈ ಕೋನದಿಂದ ಇಳಿಯುವುದು ನಿರಾಯಾಸ ಎನಿಸುವವರೆಗೆ ಯಾರಿಗೂ ಕಲಿಸಲು ಹೊರಡಬೇಡಿ.

ಹಂತ 7: ಕಲಿಸುವುದನ್ನು ಮತ್ತೆ ಕಲಿಯುವುದು

ತಾಂಬರಂನಲ್ಲಿ ಕಲಿಸುವ ಪ್ಯಾಟರ್, ಅಂದರೆ ಕೈ ಮಾಡುತ್ತಿರುವುದನ್ನು ಬಾಯಿ ಅದೇ ಕ್ಷಣದಲ್ಲಿ ಹೇಳುವ ಕಲೆ, ನಿಮ್ಮ ದೊಡ್ಡ ಆಸ್ತಿ. ಅದನ್ನು ಉಳಿಸಿಕೊಳ್ಳಿ. ನಿಯಂತ್ರಣ ಯಾರ ಕೈಯಲ್ಲಿದೆ ಎಂದು ಪ್ರತಿ ಬಾರಿಯೂ ಗಟ್ಟಿಯಾಗಿ ಹೇಳಿ, ಮರಳಿ ಹೇಳಿಸುವ ಶಿಸ್ತನ್ನೂ ಉಳಿಸಿಕೊಳ್ಳಿ. ಹಾರಾಟಕ್ಕೆ ಮುಂಚಿನ ವಿವರಣೆ, ನಂತರದ ವಿಮರ್ಶೆ, ಇವೆರಡರ ಗಾಂಭೀರ್ಯದಲ್ಲಿ ಸೇನೆಯನ್ನು ಮೀರಿಸುವವರಿಲ್ಲ. ಅನೇಕ ನಾಗರಿಕ ಶಾಲೆಗಳಲ್ಲಿ ಸೊರಗಿರುವುದೂ ಇದೇ.

ಬಿಡಬೇಕಾದದ್ದು ಗದರಿಕೆ. ಸೇನೆಯ ಶಿಷ್ಯ ಅದನ್ನು ತಡೆದುಕೊಳ್ಳುತ್ತಾನೆ, ಏಕೆಂದರೆ ಸಂಜೆ ಅವನ ಜೊತೆ ಅದೇ ಬೈಗುಳ ತಿಂದ ಹತ್ತು ಜನರಿರುತ್ತಾರೆ. ಸಿದ್ದಾಪುರದಿಂದ ಬಂದ ಹತ್ತೊಂಬತ್ತರ ಹುಡುಗಿ ಬಾಡಿಗೆ ಕೋಣೆಗೆ ಒಬ್ಬಳೇ ಮರಳುತ್ತಾಳೆ. ಬೆದರಿದ ಕೈ ಯೋಕನ್ನು, ಅಂದರೆ ವಿಮಾನದ ನಿಯಂತ್ರಣ ಹಿಡಿಯನ್ನು, ಬಿಗಿಯಾಗಿ ಹಿಡಿಯುತ್ತದೆ, ಬಿಗಿ ಹಿಡಿದ ಕೈಗೆ ವಿಮಾನ ಹೇಳುತ್ತಿರುವುದು ತಿಳಿಯುವುದಿಲ್ಲ. ಇದು ಕರುಣೆಯ ಮಾತಲ್ಲ, ಕಲಿಕೆಯ ಲೆಕ್ಕ.

ನೆಲದ ಮೇಲಿನ ಪಾಠವನ್ನು ಕನ್ನಡದಲ್ಲಿ ಮಾಡಲು ಹಿಂಜರಿಯಬೇಡಿ. ಪರೀಕ್ಷೆ ಇಂಗ್ಲಿಷಿನಲ್ಲಿ, ರೇಡಿಯೊ ಇಂಗ್ಲಿಷಿನಲ್ಲಿ, ನಿಜ. ಕನ್ನಡ ಮಾಧ್ಯಮದಲ್ಲಿ ಓದಿದವರು ಸ್ಟಾಲ್‌ನ ವ್ಯಾಖ್ಯೆಯನ್ನು ಇಂಗ್ಲಿಷಿನಲ್ಲಿ ಕಂಠಪಾಠ ಮಾಡಿ ಒಪ್ಪಿಸುತ್ತಾರೆ, ಗಾಳಿಯಲ್ಲಿ ಮಾತ್ರ ಮೂತಿ ಎತ್ತಿಕೊಂಡೇ ಇರುತ್ತಾರೆ. ರೆಕ್ಕೆಗೆ ಗಾಳಿ ಬಡಿಯುವ ಕೋನ ಮಿತಿ ಮೀರಿದರೆ ಯಾವ ವೇಗದಲ್ಲಾದರೂ ಎತ್ತುವ ಬಲ ಕುಸಿಯುತ್ತದೆ ಎಂದು ಕನ್ನಡದಲ್ಲಿ ಹೇಳಿ, ಕೈಯಲ್ಲೊಂದು ಮಾದರಿ ವಿಮಾನ ಹಿಡಿದು ತೋರಿಸಿ. ಆಮೇಲೆ ಇಂಗ್ಲಿಷ್ ವ್ಯಾಖ್ಯೆ ತಾನಾಗಿ ಕೂರುತ್ತದೆ.

ನಿಧಾನವಾಗಿ ಕಲಿಯುವವರ ವಿಷಯ ಅತ್ಯಂತ ಕಠಿಣ. ಒಬ್ಬರು ಹದಿನೈದು ಗಂಟೆಗೆ ಏಕಾಂಗಿಯಾಗಿ ಹಾರಬಹುದು, ಇನ್ನೊಬ್ಬರಿಗೆ ಇಪ್ಪತ್ತೈದು ಬೇಕಾಗಬಹುದು. ಶಿರಸಿಯಿಂದ ತಂದೆ ಕರೆ ಮಾಡಿ, "ಸರ್, ಅವಳ ಜೊತೆಗೆ ಸೇರಿದವರದ್ದೆಲ್ಲ ಸೋಲೊ ಆಯಿತಂತೆ, ನಮ್ಮ ಮಗಳದ್ದು ಯಾವಾಗ?" ಎಂದು ಕೇಳುತ್ತಾರೆ. ಅವರಿಗೆ ದಿನಾಂಕ ಕೊಡಬೇಡಿ. ಅವಳು ಈಗ ಎಲ್ಲಿದ್ದಾಳೆ, ಯಾವ ಒಂದು ಕೌಶಲ ಬಾಕಿ ಇದೆ, ಅದಕ್ಕೆ ಏನು ಮಾಡುತ್ತಿದ್ದೀರಿ ಎಂಬುದನ್ನು ಬಿಡಿಸಿ ಹೇಳಿ. ಬೋಧಕರನ್ನು ಬದಲಿಸಿ ನೋಡಿದ ಮೇಲೂ ಪ್ರಗತಿ ಇಲ್ಲದಿದ್ದರೆ ಅದನ್ನೂ ಬೇಗನೆ, ಸಾಲ ಇನ್ನಷ್ಟು ಬೆಳೆಯುವ ಮೊದಲೇ ಹೇಳಿ. ಗಂಟೆಗಳನ್ನು ಮಾರುವ ಶಾಲೆ ಈ ಮಾತನ್ನು ಮುಂದೂಡಲು ಬಯಸಬಹುದು. ಹೇಳಬೇಕಾದವರು ನೀವೇ.

ಹಂತ 8: ಶಾಲೆಯ ಆಯ್ಕೆ ಮತ್ತು ನಿಮ್ಮ ಸಹಿ

ಕರ್ನಾಟಕದಲ್ಲಿ ಜಕ್ಕೂರಿನ ಸರ್ಕಾರಿ ಶಾಲೆಯಲ್ಲದೆ ಮೈಸೂರು, ಬೆಳಗಾವಿ, ಕಲಬುರಗಿಗಳಲ್ಲಿ ಖಾಸಗಿ ತರಬೇತಿ ಸಂಸ್ಥೆಗಳಿವೆ. ಕೆಲಸಕ್ಕೆ ಸೇರುವ ಮೊದಲು ಒಂದು ದಿನ ಅಲ್ಲಿ ಸುಮ್ಮನೆ ಕುಳಿತು ನೋಡಿ. ಎಷ್ಟು ವಿಮಾನಗಳು ನಿಜವಾಗಿ ಹಾರುತ್ತಿವೆ, ಎಷ್ಟು ಬಿಡಿಭಾಗಕ್ಕಾಗಿ ಕಾದು ನಿಂತಿವೆ? ದೋಷ ಬರೆಯುವ ಪುಸ್ತಕದಲ್ಲಿ ದೋಷಗಳು ದಾಖಲಾಗಿವೆಯೇ? ಒಂದೂ ದೋಷವಿಲ್ಲದ ಪುಸ್ತಕವನ್ನು ನಾನು ನಂಬುವುದಿಲ್ಲ. ಹವಾಮಾನದ ಕಾರಣಕ್ಕೆ ಹಾರಾಟ ರದ್ದು ಮಾಡಿದ ಬೋಧಕನಿಗೆ ಆಡಳಿತ ಹೇಗೆ ಉತ್ತರಿಸುತ್ತದೆ ಎಂಬುದನ್ನು ಅಲ್ಲಿನ ಬೋಧಕರನ್ನೇ ಕೇಳಿ.

2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದಾಗ, ಹಾರದೆಯೇ ಬರೆದುಕೊಂಡ ಗಂಟೆಗಳ ಪ್ರಕರಣಗಳೂ ದೇಶದಲ್ಲಿ ಬೆಳಕಿಗೆ ಬಂದವು. ವಿದ್ಯಾರ್ಥಿಯ ಲಾಗ್‌ಬುಕ್ಕಿನಲ್ಲಿ ಅರ್ಧ ಗಂಟೆ ಹೆಚ್ಚಿಸಿ ಸಹಿ ಮಾಡಿ ಎಂಬ ಕೋರಿಕೆ ಸಣ್ಣ ಉಪಕಾರದ ವೇಷದಲ್ಲಿಯೇ ಬರುತ್ತದೆ. ಆ ಅರ್ಧ ಗಂಟೆ ಮುಂದೊಂದು ದಿನ ನೂರೆಂಬತ್ತು ಪ್ರಯಾಣಿಕರ ಮುಂದೆ ಕುಳಿತಿರುತ್ತದೆ. ಮೊದಲ ಬಾರಿಗೇ ಇಲ್ಲ ಎಂದುಬಿಡಿ. ಒತ್ತಾಯ ಮುಂದುವರಿದರೆ ಶಾಲೆ ಬಿಡಿ.

ಹಂತ 9: ಕಾರವಾರದಲ್ಲಿ ಮನೆ, ಘಟ್ಟದ ಮೇಲೆ ಕೆಲಸ

ಉತ್ತರ ಕನ್ನಡದಲ್ಲಿ ತರಬೇತಿ ಶಾಲೆ ಇಲ್ಲ. ಕೈಗಾ ಅಣುಸ್ಥಾವರದ ಸುತ್ತಲಿನ ನಿರ್ಬಂಧ, ಗೋವಾದ ಐಎನ್‌ಎಸ್ ಹಂಸದ ನೌಕಾ ವಾಯುಪ್ರದೇಶ, ಬೆನ್ನಿಗೇ ಸಹ್ಯಾದ್ರಿ, ಇವುಗಳ ನಡುವೆ ಹೊಸ ವಿದ್ಯಾರ್ಥಿಗಳ ಹಾರಾಟಕ್ಕೆ ಜಾಗ ಕಿರಿದು. ಹತ್ತಿರದ ಆಯ್ಕೆ ಬೆಳಗಾವಿ. ಅಣಶಿ ಘಟ್ಟ ಹತ್ತಿ ಜೊಯಿಡಾ ಮೂಲಕ ಹೋಗುವ ದಾರಿ ಮಳೆಗಾಲದಲ್ಲಿ ಕುಸಿಯುವುದುಂಟು, ಆದ್ದರಿಂದ ವಾರದ ದಿನಗಳಿಗೆ ಅಲ್ಲೇ ಒಂದು ಕೋಣೆ ಮಾಡಿಕೊಳ್ಳುವುದು ಉಚಿತ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ತಳ ಕೆಳಗಿಳಿದು ದೃಶ್ಯ ಹಾರಾಟದ ದಿನಗಳು ಕಡಿಮೆಯಾಗುತ್ತವೆ. ಗಂಟೆಯ ಲೆಕ್ಕದಲ್ಲಿ ಸಂಬಳ ಕೊಡುವ ಒಪ್ಪಂದವಾದರೆ ಈ ನಾಲ್ಕು ತಿಂಗಳು ಕೈ ಬರಿದಾಗುತ್ತದೆ. ಒಪ್ಪಂದದಲ್ಲಿ ನಿಶ್ಚಿತ ಮಾಸಿಕ ಮೊತ್ತವನ್ನು ಬರೆಸಿಕೊಳ್ಳಿ. ಮಳೆಗಾಲವನ್ನು ನೆಲದ ಪಾಠಕ್ಕೆ ಇಟ್ಟುಕೊಳ್ಳಿ. ಪಥನಿರ್ಣಯ, ಹವಾಮಾನ ಪತ್ರಿಕೆಗಳಿಗೆ ಕಾರವಾರದಲ್ಲೋ ಶಿರಸಿಯಲ್ಲೋ ಕುಳಿತು ಆನ್‌ಲೈನ್ ತರಗತಿ ನಡೆಸಬಹುದು. ಹವಾಮಾನದ ಪಾಠಕ್ಕಂತೂ ನಮ್ಮ ಜಿಲ್ಲೆಗಿಂತ ಒಳ್ಳೆಯ ಪ್ರಯೋಗಶಾಲೆ ಸಿಗದು. ಬೆಳಗಿನ ಭೂಗಾಳಿ ಹೊತ್ತೇರಿದಂತೆ ಕಡಲಗಾಳಿಗೆ ತಿರುಗುವುದನ್ನು ಕಾರವಾರದ ಧಕ್ಕೆಯಲ್ಲೇ ನಿಂತು ತೋರಿಸಬಹುದು. ಅದೇ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿ ಮೋಡವಾಗುವುದನ್ನು ದೇವಿಮನೆ ಘಟ್ಟದ ತಿರುವಿನಿಂದ ನೋಡಬಹುದು.

ಅಕ್ಟೋಬರ್ ಹತ್ತಿರವಾದಂತೆ ಮತ್ತೆ ಹಾರಾಟಕ್ಕೆ ಇಳಿಯುವ ಮುನ್ನ ಇನ್ನೊಬ್ಬ ಬೋಧಕರನ್ನು ಎಡ ಆಸನದಲ್ಲಿ ಕೂರಿಸಿಕೊಂಡು ಸ್ಟಾಲ್, ಬಲವಂತದ ಇಳಿಕೆ, ಅಡ್ಡಗಾಳಿಯ ಇಳಿಕೆಗಳನ್ನು ಮಾಡಿ ನೋಡಿ. ನಾಲ್ಕು ತಿಂಗಳ ಬಿಡುವಿನ ನಂತರ ವಿದ್ಯಾರ್ಥಿಯ ಕೈಯಷ್ಟೇ ಬೋಧಕರ ಕೈಯೂ ಜಡವಾಗಿರುತ್ತದೆ. ವಿದ್ಯಾರ್ಥಿಯ ದುಡ್ಡಿನಲ್ಲಿ ಅದನ್ನು ಸಡಿಲಿಸಿಕೊಳ್ಳಬಾರದು.